ಹನ್ನೊಂದು ನಿಮಿಷಕ್ಕೆ ಹನ್ನೆರಡು ಸೂತ್ರಗಳು

ವಾರಕ್ಕೊಂದು ಸಂಜೆ, ಊರ ಶಾಲೆಯ ಸಭಾಂಗಣ ಅಥವಾ ಚರ್ಚಿನ ಪಕ್ಕದ ಹಾಲು. ನಿವೃತ್ತ ಮೇಷ್ಟ್ರು, ರಾತ್ರಿ ಪಾಳಿ ಮುಗಿಸಿದ ನರ್ಸು, ಪ್ಲಂಬರ್, ಕಾಲೇಜಿನ ಹುಡುಗಿ, ಬ್ಯಾಂಕಿನ ಮ್ಯಾನೇಜರು ಒಂದೊಂದು ವಾದ್ಯದ ಪೆಟ್ಟಿಗೆ ಹಿಡಿದು ಬರುತ್ತಾರೆ. ಯಾರಿಗೂ ಸಂಬಳವಿಲ್ಲ. ತಾವೇ ಚಂದಾ ಕೊಟ್ಟು ನುಡಿಸುವ ಮಂದಿ ಇವರು. ಬ್ರಿಟನ್ನಿನ, ಅಮೆರಿಕದ ಊರೂರಲ್ಲಿ ಇರುವ ಕಮ್ಯುನಿಟಿ ಬ್ಯಾಂಡ್ ಎಂದರೆ ಇದೇ. ಪಿಟೀಲಿನ ಸಾಲು ಇಲ್ಲಿರುವುದಿಲ್ಲ. ಊದುವವರು, ಬಡಿಯುವವರು ಮಾತ್ರ.

ಇಂಥ ಬ್ಯಾಂಡಿನ ಎದುರು ಒಂದಲ್ಲ ಒಂದು ವರ್ಷ ಇಂಗ್ಲಿಷ್ ಸಂಯೋಜಕ ಗುಸ್ತಾವ್ ಹೋಲ್ಸ್ಟ್‌ನ ಎರಡನೆಯ ಸೂಟ್ ಬಂದೇ ಬರುತ್ತದೆ. 1911ರಲ್ಲಿ ಆತ ಮಿಲಿಟರಿ ಬ್ಯಾಂಡಿಗೆಂದು ಬರೆದ, ಎಫ್ ಮೇಜರ್ ಶ್ರುತಿಯ ಕೃತಿ. ಇಂಗ್ಲೆಂಡಿನ ಜನಪದ ಹಾಡು, ಕುಣಿತಗಳ ಮೇಲೆ ಕಟ್ಟಿದ ನಾಲ್ಕು ಭಾಗಗಳು. ಎಲ್ಲ ಸೇರಿ ಸುಮಾರು 11 ನಿಮಿಷ. ಕೇಳುವವರ ಕಾಲು ತಾನಾಗಿ ತಾಳ ಹಾಕುತ್ತದೆ. ನುಡಿಸುವವರಿಗೂ ಬೆರಳು ಮುರಿಯುವಂಥ ಸ್ವರಗಳು ಹೆಚ್ಚಿಲ್ಲ. ಆದರೂ ಎಷ್ಟೋ ಬ್ಯಾಂಡುಗಳು ಇಲ್ಲಿ ಎಡವುತ್ತವೆ. ಕಾರಣ ಒಂದೇ: ಇದು ಬೆರಳಿಗಿಂತ ಕಿವಿಯನ್ನು ಪರೀಕ್ಷಿಸುವ ಕೃತಿ. ಈ ಪರೀಕ್ಷೆ ಪಾಸಾಗುವ ದಾರಿಗಳು ಕೆಳಗಿವೆ. ಬ್ಯಾಂಡಿನ ಹೊರಗೂ ಇವು ಉಪಯೋಗಕ್ಕೆ ಬಂದರೆ ನನ್ನ ಆಕ್ಷೇಪವೇನೂ ಇಲ್ಲ.

1. ‘ನಾವು ಹವ್ಯಾಸಿಗಳು’ ಎಂಬ ನೆಪವನ್ನು ಬಾಗಿಲಲ್ಲೇ ಬಿಡಿ

ಹೋಲ್ಸ್ಟ್‌ನ ಬದುಕಿನ ದೊಡ್ಡ ಪಾಲು ಕಳೆದದ್ದು ಹವ್ಯಾಸಿಗಳ ನಡುವೆ. 1905ರಿಂದ ಸಾಯುವವರೆಗೆ ಲಂಡನ್ನಿನ ಹ್ಯಾಮರ್‌ಸ್ಮಿತ್‌ನ ಸೇಂಟ್ ಪಾಲ್ಸ್ ಬಾಲಕಿಯರ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. 1907ರಿಂದ ಮಾರ್ಲಿ ಕಾಲೇಜಿನಲ್ಲಿ ಸಂಗೀತ ವಿಭಾಗದ ಮುಖ್ಯಸ್ಥ. ಮಾರ್ಲಿಗೆ ಬರುತ್ತಿದ್ದವರು ಹಗಲು ದುಡಿದು ಸಂಜೆ ಕಲಿಯುವ ಜನ. ಅಂಥವರನ್ನು ಕಟ್ಟಿಕೊಂಡು, ಈ ಸೂಟ್ ಬರೆದ ಅದೇ 1911ರಲ್ಲಿ, ಹೆನ್ರಿ ಪರ್ಸೆಲ್‌ನ ‘ದ ಫೇರಿ ಕ್ವೀನ್’ ಕೃತಿಯನ್ನು ಆತ ಲಂಡನ್ನಿನಲ್ಲಿ ಮತ್ತೆ ಕೇಳಿಸಿದ. ಹದಿನೇಳನೆಯ ಶತಮಾನದ ನಂತರ ಅದನ್ನು ಯಾರೂ ಪೂರ್ತಿಯಾಗಿ ಕೇಳಿರಲಿಲ್ಲ. ಪ್ರತಿ ವಾದ್ಯದ, ಪ್ರತಿ ಗಾಯಕರ ಹಾಳೆಗಳನ್ನು ವಿದ್ಯಾರ್ಥಿಗಳೇ ಕೈಯಲ್ಲಿ ನಕಲು ಮಾಡಿದ್ದರು. ದಣಿದು ಬಂದ ಗುಮಾಸ್ತರು, ಅಂಗಡಿಯವರು ಅಷ್ಟು ಮಾಡಿದ ಮೇಲೆ, ‘ನಮ್ಮಿಂದ ಇಷ್ಟೇ ಸಾಧ್ಯ’ ಎಂದು ಹೇಳುವ ಮುನ್ನ ನಾವು ಸ್ವಲ್ಪ ಯೋಚಿಸಬೇಕು.

2. ಯುಫೋನಿಯಂ ಇಲ್ಲದಿದ್ದರೆ ಬೇರೆ ಕೃತಿ ಆರಿಸಿ

ನಿಷ್ಠುರವಾಗಿ ಹೇಳುತ್ತಿದ್ದೇನೆ. ಟ್ಯೂಬಾದ ತಮ್ಮನಂತೆ ಕಾಣುವ, ತುಂಬುಕಂಠದ ಈ ಹಿತ್ತಾಳೆ ವಾದ್ಯವೇ ಈ ಸೂಟಿನ ನಾಯಕ. ಮೊದಲ ಭಾಗದ ಮಾರ್ಚ್‌ನಲ್ಲಿ ‘ಸ್ವಾನ್ಸಿ ಟೌನ್’ ಹಾಡನ್ನು ಮೊದಲು ಎತ್ತಿಕೊಳ್ಳುವುದು ಅದು. ಕೊನೆಯ ಭಾಗದಲ್ಲಿ ‘ಗ್ರೀನ್‌ಸ್ಲೀವ್ಸ್’ ಎಂಬ ಹಳೆಯ ಹಾಡು ಮೊದಲು ತೇಲಿ ಬರುವುದೂ ಅದರ ಬಾಯಿಂದ. ಆ ಜಾಗವನ್ನು ಬೇರೆ ವಾದ್ಯಕ್ಕೆ ಹಂಚಿ ಸುಧಾರಿಸಬಹುದು, ಕೆಲವರು ಸುಧಾರಿಸುತ್ತಾರೆ ಕೂಡ. ನನಗದು ಒಪ್ಪಿಗೆಯಿಲ್ಲ. ಕೈಯಲ್ಲಿರುವ ಜನರನ್ನು ನೋಡಿ ಕೃತಿ ಆರಿಸುವುದು ಜಾಣತನ. ಕೃತಿಯ ಮೇಲಿನ ಆಸೆಗೆ ಜನರನ್ನು ಹಿಂಸಿಸುವುದಲ್ಲ. ಒಳ್ಳೆಯ ಯುಫೋನಿಯಂ ಸಿಗುವ ತನಕ ಅದೇ ಹೋಲ್ಸ್ಟ್ 1909ರಲ್ಲಿ ಬರೆದ ಮೊದಲ ಸೂಟ್ ನುಡಿಸಿ. ಅದೇನೂ ಕಡಿಮೆಯದಲ್ಲ.

3. ಎಲ್ಲರ ಕೈಯಲ್ಲೂ ಒಂದೇ ಆವೃತ್ತಿ ಇರಲಿ

ಈ ಸೂಟ್ 1922ರಲ್ಲಿ ಮೊದಲು ಅಚ್ಚಾದಾಗ ನಿರ್ದೇಶಕರಿಗೆ ಸಿಕ್ಕಿದ್ದು ಸಂಕ್ಷಿಪ್ತ ಹಾಳೆ ಮಾತ್ರ. ಎಲ್ಲ ವಾದ್ಯಗಳ ಸ್ವರಗಳಿರುವ ಪೂರ್ಣ ಸ್ಕೋರ್ ಬಂದದ್ದು 1948ರಲ್ಲಿ. 1984ರಲ್ಲಿ ಸಂಯೋಜಕ ಕಾಲಿನ್ ಮ್ಯಾಥ್ಯೂಸ್ ಅದನ್ನು ಮತ್ತೆ ಶುದ್ಧಗೊಳಿಸಿ ಸಂಪಾದಿಸಿದ. ಹೀಗಾಗಿ ಬ್ಯಾಂಡುಗಳ ಕಪಾಟಿನಲ್ಲಿ ಹಳೆಯದು, ಹೊಸದು, ನಕಲಿನ ನಕಲು ಎಲ್ಲ ಕಲೆತು ಕೂತಿರುತ್ತವೆ. ನಿರ್ದೇಶಕರು ಒಂದು ಜಾಗ ಹೇಳಿದರೆ ಅರ್ಧ ಜನ ಇನ್ನೆಲ್ಲೋ ಶುರು ಮಾಡುತ್ತಾರೆ, ಅಭ್ಯಾಸದ ಹತ್ತು ನಿಮಿಷ ಹಾಳೆ ತಿರುವುವುದರಲ್ಲೇ ಕಳೆಯುತ್ತದೆ. ಮೊದಲ ಅಭ್ಯಾಸಕ್ಕೆ ಮುಂಚೆ ಒಬ್ಬರು ಕೂತು ಹಾಳೆಗಳನ್ನು ಒಂದೊಂದಾಗಿ ಹೋಲಿಸಿ ನೋಡಬೇಕು. ಬ್ಯಾಂಡಿನ ಲೈಬ್ರರಿ ನೋಡಿಕೊಳ್ಳುವವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನೀವಾದರೂ ಒಂದು ಚಹಾ ಕೊಡಿಸಿ.

4. ಪೆನ್ಸಿಲ್ ತನ್ನಿ

ನೆನಪಿನಲ್ಲಿರುತ್ತದೆ ಎನ್ನುವವರು ಮುಂದಿನ ವಾರ ಅದೇ ಜಾಗದಲ್ಲಿ ಅದೇ ತಪ್ಪು ಮಾಡುತ್ತಾರೆ.

5. ಹಾಡು ಏನು ಹೇಳುತ್ತದೆಂದು ತಿಳಿದುಕೊಂಡು, ಬಾಯಿಬಿಟ್ಟು ಹಾಡಿ

ಈ ಸೂಟಿನಲ್ಲಿ ಮಾತಿಲ್ಲ, ಆದರೆ ಪ್ರತಿ ರಾಗದ ಹಿಂದೆ ಕತೆಯಿದೆ. ಮಾರ್ಚ್ ಶುರುವಾಗುವುದು ‘ಗ್ಲೋರಿಶಿಯರ್ಸ್’ ಎಂಬ ಮಾರಿಸ್ ಕುಣಿತದಿಂದ. ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಬೀಸುತ್ತಾ ಇಂಗ್ಲೆಂಡಿನ ಹಳ್ಳಿಗರು ಕುಣಿಯುವ ಕುಣಿತ ಮಾರಿಸ್. ‘ಸ್ವಾನ್ಸಿ ಟೌನ್’ ಹಡಗು ಹತ್ತುವ ನಾವಿಕನ ವಿದಾಯ. ‘ಕ್ಲಾಡಿ ಬ್ಯಾಂಕ್ಸ್’ನಲ್ಲಿ ಬಹುದಿನದ ಮೇಲೆ ಮರಳಿದ ಪ್ರಿಯಕರ ಗುರುತು ಮರೆಸಿಕೊಂಡು ಹುಡುಗಿಯ ಮನಸ್ಸು ಪರೀಕ್ಷಿಸುತ್ತಾನೆ. ಎರಡನೆಯ ಭಾಗದ ‘ಐ ವಿಲ್ ಲವ್ ಮೈ ಲವ್’ ಎಲ್ಲಕ್ಕಿಂತ ಕರುಣೆಯದು. ಮದುವೆ ತಪ್ಪಿಸಲು ಹೆತ್ತವರು ಹುಡುಗನನ್ನು ಸಮುದ್ರಕ್ಕೆ ಕಳಿಸಿದ್ದಾರೆ. ದುಃಖದಲ್ಲಿ ಬುದ್ಧಿ ಕಳೆದುಕೊಂಡ ಹುಡುಗಿ ಲಂಡನ್ನಿನ ಬೆಡ್ಲಂ ಹುಚ್ಚಾಸ್ಪತ್ರೆಯಲ್ಲಿ ಕೂತು ಹಾಡುತ್ತಾಳೆ. ಇದು ಗೊತ್ತಿರುವ ಕ್ಲಾರಿನೆಟ್ ವಾದಕಿ ನುಡಿಸುವ ರೀತಿಯೇ ಬೇರೆ. ಗೊತ್ತಿಲ್ಲದವರು ಅದನ್ನು ‘ನಿಧಾನದ ಭಾಗ’ ಎಂದು ಕರೆದು ಗಡಿಯಾರ ನೋಡುತ್ತಾರೆ.

ಈ ಹಾಡುಗಳಲ್ಲಿ ಹಲವನ್ನು ಹಳ್ಳಿ ಹಳ್ಳಿ ತಿರುಗಿ, ಮುದುಕ ಮುದುಕಿಯರ ಬಾಯಿಂದ ಬರೆದುಕೊಂಡವರು ಜಾರ್ಜ್ ಗಾರ್ಡಿನರ್ ಮತ್ತು ಅವರ ಜೊತೆಗಾರರು. ಹ್ಯಾಂಪ್‌ಶೈರಿನಲ್ಲಿ ಸಂಗ್ರಹಿಸಿದ ಹಾಡುಗಳಿಗೆ ಹೋಲ್ಸ್ಟ್ ಪಿಯಾನೊ ಪಕ್ಕವಾದ್ಯ ಬರೆದುಕೊಟ್ಟಿದ್ದ. ಮೂಲಕ್ಕೇ ಹೋಗಬೇಕೆಂಬುದು ಅವನ ಸ್ವಭಾವ. ಋಗ್ವೇದದ ಸೂಕ್ತಗಳಿಗೆ ಸಂಗೀತ ಕಟ್ಟಬೇಕೆನ್ನಿಸಿದಾಗ ಸಿಕ್ಕಿದ ಇಂಗ್ಲಿಷ್ ಅನುವಾದಗಳು ಹಿಡಿಸಲಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋಗಿ ಸಂಸ್ಕೃತ ಕಲಿತ, ನಿಘಂಟು ಬಿಚ್ಚಿಕೊಂಡು ತಾನೇ ಅನುವಾದಿಸಿದ. ಮಹಾಭಾರತದ ಸಾವಿತ್ರಿಯ ಕತೆಯನ್ನು ಮೂರೇ ಪಾತ್ರಗಳ ಪುಟ್ಟ ಒಪೆರಾ ಮಾಡಿದ. ಕಾಳಿದಾಸನ ‘ಮೇಘದೂತ’ವನ್ನು ಗಾಯಕವೃಂದಕ್ಕೆ ತಂದ. ಪಂಡಿತನಾಗಬೇಕೆಂಬ ಹಟ ಅವನಿಗಿರಲಿಲ್ಲ. ತನ್ನ ಕೆಲಸಕ್ಕೆ ಎಷ್ಟು ಬೇಕೋ ಅಷ್ಟನ್ನು ಬೇರಿನಿಂದ ಕಲಿತ. ನಿಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ವಾದ್ಯ ಕೆಳಗಿಟ್ಟು ಇಡೀ ಬ್ಯಾಂಡ್ ಒಮ್ಮೆ ಆ ರಾಗವನ್ನು ಹಾಡಲಿ, ಸಾಕು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಗಂಟಲಿಗೆ ತಾನಾಗಿ ತಿಳಿಯುತ್ತದೆ. ನಾಚಿಕೊಳ್ಳುವವರು ಗುನುಗಿದರೂ ಸರಿ.

6. ಏಳರ ಲೆಕ್ಕ ಬಾಯಿಗೆ ಹತ್ತಿದ ಮೇಲೆ ವಾದ್ಯಕ್ಕೆ ಬನ್ನಿ

ಮೂರನೆಯ ಭಾಗ ಕಮ್ಮಾರನ ಹಾಡು. ಅಡಿಗಲ್ಲಿನ ಮೇಲೆ ಸುತ್ತಿಗೆ ಬಿದ್ದಂತೆ ಹಿತ್ತಾಳೆ ವಾದ್ಯಗಳು ತಾಳ ತಪ್ಪಿಸಿ ಗುದ್ದುತ್ತವೆ. ಬಹುಪಾಲು ಎಣಿಕೆ ಏಳು: ನಾಲ್ಕು, ಆಮೇಲೆ ಮೂರು. ಪಶ್ಚಿಮದ ಹವ್ಯಾಸಿಗಳಿಗೆ ಇಲ್ಲಿ ಬೆವರು ಬರುತ್ತದೆ. ಕರ್ನಾಟಕ ಸಂಗೀತದ ಗಂಧವಿರುವ ನಮ್ಮವರು ಯಾರಾದರೂ ಆ ಬ್ಯಾಂಡಿನಲ್ಲಿದ್ದರೆ ಇದು ಅವರು ಕಾಲರ್ ಏರಿಸುವ ಗಳಿಗೆ. ಆದರೂ ಒಂದು ಎಚ್ಚರಿಕೆ. ಮಿಶ್ರ ಚಾಪಿನಲ್ಲಿ ಮೂರು ಮೊದಲು, ನಾಲ್ಕು ನಂತರ, ಇಲ್ಲಿ ತಿರುಗುಮುರುಗು. ವಿಲೋಮ ಚಾಪು ಎನ್ನಿ. ‘ತಕದಿಮಿ ತಕಿಟ’ ಎಂದು ಐದು ನಿಮಿಷ ಎಲ್ಲರ ಕೈಲೂ ಹೇಳಿಸಿ, ಚಪ್ಪಾಳೆ ತಟ್ಟಿಸಿ. ಇಂಗ್ಲಿಷಿನಲ್ಲಿ ಒಂದರಿಂದ ಏಳು ಎಣಿಸುವುದಕ್ಕಿಂತ ಬೇಗ ಇದು ಮೈಗೆ ಹತ್ತುತ್ತದೆ. ‘ಸೆವೆನ್’ ಎನ್ನುವ ಹೊತ್ತಿಗೆ ಅವರ ನಾಲಿಗೆಯೇ ತಡವಾಗಿರುತ್ತದೆ.

ಅಡಿಗಲ್ಲು ನಿಜವಾದದ್ದೇ ಬೇಕು, ಅಥವಾ ರೈಲು ಕಂಬಿಯ ತುಂಡೋ ಹಳೆಯ ಕಾರಿನ ಬ್ರೇಕ್ ಡ್ರಮ್ಮೋ ಆಗಲಿ. ಪುಟ್ಟ ತ್ರಿಕೋನ ಗಂಟೆ ಟಿಣ್ ಎಂದರೆ ಜನ ನಗುತ್ತಾರೆ. ಈ ಭಾಗದ ಕೊನೆಯಲ್ಲಿ ಯಾರೂ ನಿರೀಕ್ಷಿಸದ ಡಿ ಮೇಜರ್ ಸ್ವರಗುಚ್ಛವೊಂದು ಥಟ್ಟನೆ ಬೆಳಗುತ್ತದೆ. ಅಲ್ಲಿ ಒಬ್ಬರ ಶ್ರುತಿ ತಪ್ಪಿದರೂ ಬೆಳಕು ಹೋಯಿತು. ಅಭ್ಯಾಸದ ಕೊನೆಗೆ ಆ ಒಂದೇ ಸ್ವರಗುಚ್ಛವನ್ನು ಪ್ರತ್ಯೇಕವಾಗಿ, ನಿಧಾನವಾಗಿ, ಕೆಳಗಿನ ವಾದ್ಯದಿಂದ ಮೇಲಕ್ಕೆ ಕಟ್ಟಿ ನೋಡಿ.

7. ನಿಮ್ಮ ಹಾಡು ಬಿಡದೆ ಪಕ್ಕದವರ ಹಾಡು ಕೇಳಿ

ಸೂಟಿನ ಮುಕುಟ ಕೊನೆಯ ಭಾಗ, ‘ಫ್ಯಾಂಟೇಸಿಯಾ ಆನ್ ದ ಡಾರ್ಗಸನ್’. ಡಾರ್ಗಸನ್ ಎಂಟೇ ಅಳತೆಗಳ, ಅಂದರೆ ‘ಬಾರ್’ಗಳ, ಹಳೆಯ ಕುಣಿತದ ರಾಗ. 1651ರಲ್ಲಿ ಜಾನ್ ಪ್ಲೇಫರ್ಡ್ ಅಚ್ಚು ಹಾಕಿದ ‘ದ ಇಂಗ್ಲಿಷ್ ಡ್ಯಾನ್ಸಿಂಗ್ ಮಾಸ್ಟರ್’ ಪುಸ್ತಕದಲ್ಲಿದೆ. ಅದಕ್ಕೆ ಮುಕ್ತಾಯವೆಂಬುದೇ ಇಲ್ಲ. ಕೊನೆ ಬಂದು ಮತ್ತೆ ಮೊದಲಿಗೇ ಕೂಡಿಕೊಳ್ಳುತ್ತದೆ. ಆಲ್ಟೋ ಸ್ಯಾಕ್ಸೋಫೋನ್ ಒಂಟಿಯಾಗಿ ಅದನ್ನು ಶುರುಮಾಡುತ್ತದೆ. (ಮಿಲಿಟರಿ ಬ್ಯಾಂಡಿನ ಈ ವಾದ್ಯ ನಮಗೇನೂ ಪರಕೀಯವಲ್ಲ: ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿಯೇ ಕದ್ರಿ ಗೋಪಾಲನಾಥರು ಅದಕ್ಕೆ ಮನಸೋತದ್ದು.) ಆಮೇಲೆ ಒಬ್ಬೊಬ್ಬರಾಗಿ ಸೇರುತ್ತಾರೆ, ರಾಗ ಸುತ್ತುತ್ತಲೇ ಇರುತ್ತದೆ. ಆ ತಿರುಗಣೆಯ ಮೇಲೆ ಯುಫೋನಿಯಂ ‘ಗ್ರೀನ್‌ಸ್ಲೀವ್ಸ್’ ಎತ್ತಿಕೊಂಡಾಗ ಎರಡು ಹಾಡು ಒಂದೇ ಹೊತ್ತಿನಲ್ಲಿ ನಡೆಯುತ್ತವೆ, ಒಂದಕ್ಕೊಂದು ಮೈ ತಾಗಿಸದೆ.

ತಾಂತ್ರಿಕ ಗುಟ್ಟು ಇಷ್ಟೆ. ಪ್ರತಿ ಅಳತೆಯಲ್ಲೂ ಆರು ಮಾತ್ರೆ. ಡಾರ್ಗಸನ್ ಅದನ್ನು ‘ತಕಿಟ ತಕಿಟ’ ಎಂದು ಎರಡಾಗಿ ಒಡೆಯುತ್ತದೆ. ಗ್ರೀನ್‌ಸ್ಲೀವ್ಸ್ ‘ತಕ ತಕ ತಕ’ ಎಂದು ಮೂರಾಗಿ. ನಿರ್ದೇಶಕರ ಕೋಲು ಬೀಳುವುದು ಅಳತೆಗೊಂದೇ ಸಲ. ಇಲ್ಲಿ ಹವ್ಯಾಸಿ ಬ್ಯಾಂಡುಗಳು ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತವೆ. ಒಂದೋ, ಗ್ರೀನ್‌ಸ್ಲೀವ್ಸ್ ನುಡಿಸುವವರು ಕಿವಿ ಮುಚ್ಚಿಕೊಂಡು ಹಾಳೆಯಲ್ಲೇ ಮುಖ ಹುದುಗಿಸುತ್ತಾರೆ, ನಾಲ್ಕು ಅಳತೆ ಕಳೆಯುವಷ್ಟರಲ್ಲಿ ಹಿಂದೆ ಬಿದ್ದಿರುತ್ತಾರೆ. ಇಲ್ಲವೋ, ಡಾರ್ಗಸನ್ನಿನ ಕುಣಿತಕ್ಕೆ ಮರುಳಾಗಿ ಇವರೂ ಎರಡೆರಡರ ಹೆಜ್ಜೆ ಹಾಕಿಬಿಡುತ್ತಾರೆ. ಮದ್ದು ಒಂದೇ: ಎಲ್ಲರೂ ಎರಡೂ ಹಾಡು ಕಲಿಯಬೇಕು. ಒಂದು ವಾರ ಕ್ಲಾರಿನೆಟ್‌ಗಳು ಡಾರ್ಗಸನ್ ನುಡಿಸಲಿ, ಕಾರ್ನೆಟ್‌ಗಳು ಗ್ರೀನ್‌ಸ್ಲೀವ್ಸ್ ಹಾಡಲಿ. ಮರುವಾರ ಅದಲು ಬದಲು. ಬಲಗಾಲು ಅಳತೆಗೊಮ್ಮೆ ಮಾತ್ರ ನೆಲ ತಟ್ಟಲಿ. ಆಮೇಲೆ ಎರಡನ್ನೂ ಕೂಡಿಸಿದಾಗ, ಎದುರಾಳಿಯಂತೆ ಕೇಳುತ್ತಿದ್ದ ಹಾಡು ಆಸರೆಯಾಗಿ ಕೇಳತೊಡಗುತ್ತದೆ.

ವೇಗದ ಆಸೆಗೆ ಬೀಳಬೇಡಿ. ಹೋಲ್ಸ್ಟ್‌ಗೆ ಈ ಹೆಣಿಗೆ ಎಷ್ಟು ಇಷ್ಟವಾಯಿತೆಂದರೆ ತನ್ನ ಶಾಲೆಯ ಹುಡುಗಿಯರಿಗಾಗಿ ಬರೆದ ‘ಸೇಂಟ್ ಪಾಲ್ಸ್ ಸೂಟ್’ನ ಕೊನೆಗೂ ತಂತಿವಾದ್ಯಗಳಿಗೆ ಬದಲಿಸಿ ಇದನ್ನೇ ಇಟ್ಟ. ಆ ಹುಡುಗಿಯರು ನುಡಿಸಬಲ್ಲ ವೇಗ ನಿಮಗೂ ಸಾಕು.

8. ರಾಗ ಸಿಗದವರನ್ನು ಮೊದಲು ಗಮನಿಸಿ

ಮೂರನೆಯ ಕ್ಲಾರಿನೆಟ್, ಎರಡನೆಯ ಹಾರ್ನ್, ಹಿಂದಿನ ಸಾಲಿನ ಟ್ರಾಂಬೋನ್. ಪುಟಗಟ್ಟಲೆ ‘ಪಂ ಪಂ’ ಎನ್ನುವ ಇವರಿಗೆ ಬೇಸರ ಬಂದರೆ ಬ್ಯಾಂಡಿನ ನೆಲವೇ ಕುಸಿಯುತ್ತದೆ. ಹೋಲ್ಸ್ಟ್‌ಗೆ ಈ ಸಾಲಿನ ಸಂಕಟ ಚೆನ್ನಾಗಿ ಗೊತ್ತಿತ್ತು. ಪಿಯಾನೊ ವಾದಕನಾಗಬೇಕಿದ್ದವನ ಬಲಗೈಗೆ ನರನೋವು. ಆಸ್ತಮಾಕ್ಕೆ ಒಳ್ಳೆಯದೆಂದು ಅಪ್ಪ ಹಿಡಿಸಿದ ಟ್ರಾಂಬೋನೇ ಮುಂದೆ ಹೊಟ್ಟೆಪಾಡಾಯಿತು. ಕಾರ್ಲ್ ರೋಸಾ ಒಪೆರಾ ಕಂಪನಿಯಲ್ಲಿ, ಸ್ಕಾಟಿಷ್ ಆರ್ಕೆಸ್ಟ್ರಾದಲ್ಲಿ ನುಡಿಸಿದ. ಕಡಲತೀರದ ಪ್ರವಾಸಿಗರನ್ನು ರಂಜಿಸುವ, ವಿಯೆನ್ನಾದವರೆಂದು ಹೇಳಿಕೊಳ್ಳುವ ಬ್ಯಾಂಡೊಂದರಲ್ಲಿ ಒಲ್ಲದ ಮನಸ್ಸಿನಿಂದ ಊದಿದ. ಒಳ್ಳೆಯ ರಾಗವೆಲ್ಲ ಬೇರೆಯವರ ಪಾಲಾಗುವುದನ್ನು ಹಿಂದೆ ಕೂತು ನೋಡಿದವನಾದ್ದರಿಂದಲೋ ಏನೋ ಈ ಸೂಟಿನಲ್ಲಿ ಹಿಂದಿನವರಿಗೂ ಮಾತಾಡಲು ಅವಕಾಶವಿದೆ. ಮಾರ್ಚ್‌ನ ಮೊದಲ ಐದು ಸ್ವರಗಳ ಕರೆ ಮಂದ್ರ ವಾದ್ಯಗಳದು; ಮೇಲಿನವರು ಉತ್ತರ ಕೊಡುತ್ತಾರೆ. ಕೊಟ್ಟ ಅವಕಾಶ ಸಣ್ಣದಾದರೂ ಅದನ್ನು ಮುಖ್ಯ ಎಂದು ನಂಬಿಸುವುದು ನಿರ್ದೇಶಕರ ಅರ್ಧ ಕೆಲಸ.

9. ಮೆತ್ತಗೆ ನುಡಿಸಲು ಧೈರ್ಯ ಮಾಡಿ

ಹವ್ಯಾಸಿ ಬ್ಯಾಂಡಿಗೆ ಸಾಮಾನ್ಯವಾಗಿ ಎರಡೇ ದನಿ: ಜೋರು, ಇನ್ನೂ ಜೋರು. ಡಾರ್ಗಸನ್ ಪಿಸುಮಾತಿನಲ್ಲಿ ಶುರುವಾಗದಿದ್ದರೆ ಮುಂದೆ ಏರಲು ಮೆಟ್ಟಿಲೇ ಉಳಿಯುವುದಿಲ್ಲ. ಎಲ್ಲ ಕರಗಿ ಕೊನೆಗೆ ತುತ್ತತುದಿಯಲ್ಲಿ ಪುಟ್ಟ ಪಿಕೊಲೊ, ಪಾತಾಳದಲ್ಲಿ ಟ್ಯೂಬಾ, ಇಬ್ಬರೇ ಉಳಿಯುತ್ತಾರೆ. ನಡುವೆ ಯಾರೂ ಇಲ್ಲ. ಆಮೇಲೆ ಇಡೀ ಬ್ಯಾಂಡ್ ಒಂದೇ ಏಟು ಹೊಡೆದು ಮುಗಿಸುತ್ತದೆ. ಇದು ಹೋಲ್ಸ್ಟ್‌ನ ತಮಾಷೆ. ಅದರ ಹಿಂದಿನ ಪುಟವೆಲ್ಲ ಕಿರುಚಿದ್ದರೆ ಜನರಿಗೆ ತಮಾಷೆ ತಲುಪುವುದಿಲ್ಲ, ಕಿವಿ ನೋವು ತಲುಪುತ್ತದೆ.

10. ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಊದುವ ವಾದ್ಯ ತಣ್ಣಗಿದ್ದರೆ ಶ್ರುತಿ ಇಳಿಯುತ್ತದೆ, ಬಿಸಿಯಾದಂತೆ ಏರುತ್ತದೆ. ಬ್ರಿಟನ್ನಿನ ಚರ್ಚ್ ಹಾಲುಗಳಲ್ಲಿ ಚಳಿಗಾಲದ ಕಛೇರಿಗೆ ಬಂದ ಕೂಡಲೇ ಬಿ ಫ್ಲಾಟ್ ಹಿಡಿದು ಶ್ರುತಿ ಸೇರಿಸಿದರೆ ಹತ್ತು ನಿಮಿಷದಲ್ಲಿ ಎಲ್ಲ ಹಾರಿಹೋಗಿರುತ್ತದೆ. ಮೊದಲು ಊದಿ ಬೆಚ್ಚಗೆ ಮಾಡಿ, ಆಮೇಲೆ ಶ್ರುತಿ. ಕ್ಲಾರಿನೆಟ್, ಸ್ಯಾಕ್ಸೋಫೋನಿನವರು ಕಛೇರಿಯ ದಿನ ಹೊಚ್ಚ ಹೊಸ ರೀಡ್ ಬಿಚ್ಚಬೇಡಿ; ವಾರ ಮುಂಚೆಯೇ ಎರಡು ಮೂರನ್ನು ಪಳಗಿಸಿಟ್ಟುಕೊಳ್ಳಿ.

11. ದೊಡ್ಡವರನ್ನು ಕೇಳಿ, ಅವರ ವೇಗವನ್ನು ಕದಿಯಬೇಡಿ

ಫ್ರೆಡರಿಕ್ ಫೆನೆಲ್ ನಿರ್ದೇಶನದಲ್ಲಿ 1978ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಟೆಲಾರ್ಕ್ ಕಂಪನಿ ಹೋಲ್ಸ್ಟ್‌ನ ಎರಡೂ ಸೂಟ್‌ಗಳನ್ನು ಧ್ವನಿಮುದ್ರಿಸಿತು. ಡಿಜಿಟಲ್ ಮುದ್ರಣದ ಚರಿತ್ರೆಯಲ್ಲೇ ಆರಂಭದ ಮೈಲಿಗಲ್ಲು ಅದು. ಅದರ ದೊಡ್ಡ ಡ್ರಮ್ಮಿನ ಏಟಿಗೆ ಇಂದಿಗೂ ಅಭಿಮಾನಿಗಳಿದ್ದಾರೆ. ಮನೆಯಲ್ಲಿ ಹಾಳೆ ಹಿಡಿದು ಅದನ್ನು ಕೇಳಿ. ಆದರೆ ನುಡಿಸಿದವರು ದಿನವಿಡೀ ಅದೇ ಕಸುಬಿನಲ್ಲಿರುವ ಕಲಾವಿದರೆಂಬುದು ನೆನಪಿರಲಿ. ಅದಕ್ಕಿಂತ ಹೆಚ್ಚು ಕಲಿಸುವುದು ನಿಮ್ಮದೇ ಅಭ್ಯಾಸವನ್ನು ಮೊಬೈಲಿನಲ್ಲಿ ಹಿಡಿದು ಕೇಳುವುದು. ಮೊದಲ ಸಲ ಕೇಳಿದಾಗ ಬೇಜಾರಾಗುತ್ತದೆ, ಸಹಜ. ಎರಡನೆಯ ಸಲ ಕೇಳಿ.

12. ತಡವಾದರೆ, ಸೋತರೆ, ಅಂಗಡಿ ಮುಚ್ಚಬೇಡಿ

ವರ್ಷಗಳ ಶ್ರಮದ ‘ಮೇಘದೂತ’ 1913ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ನಡೆದಾಗ ಯಾರಿಗೂ ಹಿಡಿಸಲಿಲ್ಲ. ಹೋಲ್ಸ್ಟ್ ಕುಗ್ಗಿದ. ಗೆಳೆಯರು ಅವನನ್ನು ಸ್ಪೇನಿಗೆ ಕರೆದೊಯ್ದರು. ಆ ಪ್ರವಾಸದಲ್ಲಿ ಕ್ಲಿಫರ್ಡ್ ಬ್ಯಾಕ್ಸ್ ಎಂಬ ಲೇಖಕ ಜ್ಯೋತಿಷದ ಹುಚ್ಚು ಹತ್ತಿಸಿದ. ಮರುವರ್ಷ ಶುರುವಾದ ‘ದ ಪ್ಲಾನೆಟ್ಸ್’ ಅವನನ್ನು ಜಗತ್ಪ್ರಸಿದ್ಧನನ್ನಾಗಿ ಮಾಡಿತು. ನಮ್ಮ ಸೂಟ್ ಕೂಡ ಬರೆದು 11 ವರ್ಷ ಕಾದು, 1922ರ ಜೂನ್ 30ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ನೆಲ್ಲರ್ ಹಾಲ್ ಮಿಲಿಟರಿ ಸಂಗೀತ ಶಾಲೆಯ ಬ್ಯಾಂಡಿನಿಂದ ಸಾರ್ವಜನಿಕರ ಕಿವಿಗೆ ಬಿತ್ತು. ನಿಮ್ಮ ಬ್ಯಾಂಡಿನ ಈ ವರ್ಷದ ಡಾರ್ಗಸನ್ ನಡುವೆ ಕಳಚಿ ಬಿದ್ದರೆ ಮುಂದಿನ ವರ್ಷ ಮತ್ತೆ ಎತ್ತಿಕೊಳ್ಳಿ.

ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ನೆಲೆಸಿ, ಮಕ್ಕಳನ್ನು ಶಾಲೆಯ ಬ್ಯಾಂಡಿಗೆ ಬಿಟ್ಟು ಕಾರಿನಲ್ಲೇ ಕಾಯುವ ಕನ್ನಡಿಗರಿಗೆ ಒಂದು ಮಾತು. ಬಹಳಷ್ಟು ಕಮ್ಯುನಿಟಿ ಬ್ಯಾಂಡುಗಳಲ್ಲಿ ಸೇರಲು ಪರೀಕ್ಷೆಯಿಲ್ಲ, ವಯಸ್ಸಿನ ಮಿತಿಯಿಲ್ಲ. ಎಂದೋ ಕಲಿತು ಬಿಟ್ಟ ವಾದ್ಯ ಅಟ್ಟದ ಮೇಲಿದ್ದರೆ ಕೆಳಗಿಳಿಸಿ, ರಿಪೇರಿ ಮಾಡಿಸಿ, ಮುಂದಿನ ವಾರದ ಅಭ್ಯಾಸಕ್ಕೆ ಹೋಗಿ. ಮೂರನೆಯ ಕ್ಲಾರಿನೆಟ್ಟಿನ ಸಾಲಿನಲ್ಲಿ ಯಾವಾಗಲೂ ಒಂದು ಕುರ್ಚಿ ಖಾಲಿಯಿರುತ್ತದೆ.